ಅನಾಥರ ರೈಲು

1854ನೆಯ ಇಸವಿಯ ಶರತ್ಕಾಲದಲ್ಲಿ ನ್ಯೂಯಾರ್ಕಿನಿಂದ ಹೊರಟ 40ಕ್ಕೂ ಮಿಕ್ಕ ಬಡಮಕ್ಕಳು, ಕೆಲವು ದೂರ ಹಡಗಿನಲ್ಲಿಯೂ ಉಳಿದ ದೂರ ರೈಲಿನಲ್ಲಿಯೂ ಪಯಣಿಸಿ, ಮಿಚಿಗನ್ ಸಂಸ್ಥಾನದ ಡೊವಾಜಿಯಾಕ್ ಎಂಬ ಸಣ್ಣ ಊರಿನಲ್ಲಿ ಇಳಿದರು. ಅವರನ್ನು ಕಳುಹಿಸಿದ ಚಾರ್ಲ್ಸ್ ಲೋರಿಂಗ್ ಬ್ರೇಸನು ಹಿಂದಿನ ವರ್ಷವಷ್ಟೇ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಸ್ಥಾಪಿಸಿದ್ದನು. ಅನಾಥಾಲಯದ ಗೋಡೆಗಳ ನಡುವೆ ಬೆಳೆಯುವುದಕ್ಕಿಂತ ರೈತನ ಮನೆಯಲ್ಲಿ ದುಡಿದು, ಉಂಡು, ಓದಿ ಬೆಳೆಯುವುದೇ ಮಗುವಿಗೆ ಶ್ರೇಯಸ್ಕರವೆಂಬುದು ಅವನ ದೃಢವಾದ ನಂಬಿಕೆ. 1929ರವರೆಗೆ ನಡೆದ ಈ ಏರ್ಪಾಡಿನಲ್ಲಿ ಸುಮಾರು 2 ಲಕ್ಷ ಮಕ್ಕಳು ಪಶ್ಚಿಮಕ್ಕೆ ಸಾಗಿದರೆಂದು ಅಂದಾಜು.

ರೈಲು ಬರುವ ದಿನವನ್ನು ಊರಿನಲ್ಲಿ ಮೊದಲೇ ಸಾರುತ್ತಿದ್ದರು. ಇಗರ್ಜಿಯಲ್ಲಿಯೋ ನಾಟಕಶಾಲೆಯ ರಂಗದ ಮೇಲೋ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಾಗ, ಮಡಿಲು ತುಂಬಲೆಂದು ಹಸುಗೂಸನ್ನು ಅರಸಿ ಬಂದ ದಂಪತಿಗಳೂ, ಜಾನುವಾರು ಜಾತ್ರೆಯಲ್ಲಿ ಎತ್ತನ್ನು ಪರೀಕ್ಷಿಸುವಂತೆ ಹುಡುಗನ ತೋಳನ್ನು ಹಿಸುಕಿ ನೋಡುವ ರೈತರೂ ಒಂದೇ ಗುಂಪಿನಲ್ಲಿರುತ್ತಿದ್ದರು. ಅಣ್ಣನೊಂದು ಮನೆಗೆ, ತಂಗಿಯೊಂದು ಮನೆಗೆ ಹೋದುದೂ ಉಂಟು.

ಮ್ಯಾಸಚೂಸೆಟ್ಸ್ ಸಂಸ್ಥಾನವು 1851ರಲ್ಲಿಯೇ, ದತ್ತು ಪಡೆಯುವವರ ಯೋಗ್ಯತೆಯನ್ನು ನ್ಯಾಯಾಧೀಶನು ವಿಚಾರಿಸತಕ್ಕದ್ದೆಂದು ಶಾಸನ ಮಾಡಿತ್ತು. ಆದರೆ ಬ್ರೇಸನ ಏರ್ಪಾಡಿನಲ್ಲಿ ಬಹುಮಟ್ಟಿಗೆ ದತ್ತುವೂ ಇಲ್ಲ, ಜೀತದ ಕರಾರೂ ಇಲ್ಲ, ಕರೆದೊಯ್ದವರು ಅನ್ನ, ವಸ್ತ್ರ, ವಿದ್ಯೆಗಳನ್ನು ಒದಗಿಸಬೇಕು, ಹೊಂದಿಕೆಯಾಗದಿದ್ದರೆ ಇಬ್ಬರಲ್ಲಿ ಯಾರಾದರೂ ಬಿಡಬಹುದು. ಕ್ರೂರಿಯಾದ ಯಜಮಾನನಿಂದ ಪಾರಾಗಲು ಈ ಸಡಿಲು ನೆರವಾಯಿತೆಂಬುದನ್ನು ಒಪ್ಪಿದರೂ, ತಾನು ಆಳೋ ಮಗನೋ ಎಂಬುದನ್ನರಿಯದೆ ವರ್ಷಗಟ್ಟಲೆ ಒಂದೇ ಪಂಕ್ತಿಯಲ್ಲಿ ಉಂಡ ಬಾಲಕನಿಗೆ ಅದೇ ಸಡಿಲು ಎಂತಹ ಭಯವಾಗಿರಬೇಕು!

1859ರಲ್ಲಿ ಇಂಡಿಯಾನಾಕ್ಕೆ ಹೋದ ಇಬ್ಬರು ಹುಡುಗರ ಕಥೆಯನ್ನು ಸಂಘವು ಮುಂದೆ ಹೆಮ್ಮೆಯಿಂದ ಹೇಳಿಕೊಂಡಿತು. ಆಂಡ್ರ್ಯೂ ಬರ್ಕ್ 1891ರಲ್ಲಿ ಉತ್ತರ ಡಕೋಟಾದ ಗವರ್ನರನಾದನು. ಜಾನ್ ಗ್ರೀನ್ ಬ್ರೇಡಿ 1897ರಲ್ಲಿ ಅಲಾಸ್ಕದ ಗವರ್ನರನಾದನು. ಬ್ರೇಡಿಯನ್ನು ಮನೆಗೆ ಕರೆದೊಯ್ದ ನ್ಯಾಯಾಧೀಶನ ಹೆಸರು ಜಾನ್ ಗ್ರೀನ್. ಸಾಕಿದವನ ಹೆಸರು ನಡುವೆ ಬಂದರೂ ಕೊನೆಗೆ ಉಳಿದುದು ಹೆತ್ತವನದೇ.

ಇಂತಹ ಸಫಲತೆಗಳ ನಡುವೆ ಮರೆಯಾದ ಸಂಗತಿಯೊಂದುಂಟು: ರೈಲು ಹತ್ತಿದವರಲ್ಲಿ ಅನೇಕರು ಅನಾಥರೇ ಅಲ್ಲ, ತಾಯಿಯೋ ತಂದೆಯೋ ಬದುಕಿದ್ದು, ದಾರಿದ್ರ್ಯದಿಂದ ಕೈಬಿಟ್ಟವರು. 1911ರಲ್ಲಿ ಇಲಿನಾಯ್ ಸಂಸ್ಥಾನವು ಬಡತಾಯಂದಿರಿಗೆ ಮಕ್ಕಳ ಪೋಷಣೆಗಾಗಿ ಸಹಾಯಧನ ಕೊಡಲಾರಂಭಿಸಿತು. ಇತರ ಸಂಸ್ಥಾನಗಳೂ ಅದನ್ನು ಅನುಸರಿಸಿದುವು. ಅಷ್ಟು ಹೊತ್ತಿಗೆ ರೈಲುಗಳು ಅರ್ಧ ಶತಮಾನಕ್ಕೂ ಮಿಗಿಲಾಗಿ ಓಡಿದ್ದುವು.