ಅಡುಗೆಕೋಣೆಯ ಹೊಗೆ: ಕರಾವಳಿಯ ಹಂಚಿನಿಂದ ಆದವಾನಿಯ ಮಾಳಿಗೆವರೆಗೆ

ನಮ್ಮ ಹಳೆಯ ಬ್ಯಾರಿ ಮನೆಗಳಲ್ಲಿ ಅಡುಗೆಕೋಣೆಯ ಗೋಡೆ ಕಪ್ಪಾಗಿದ್ದರೆ, ಮಾಡಿನ ಪಕ್ಕಾಸು ಇನ್ನೂ ಕಪ್ಪು. ತೆಂಗಿನ ಸೋಗೆ, ಸಿಪ್ಪೆ, ಗೆರಟೆ ಎಲ್ಲವೂ ಒಲೆಗೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯೂ ಉರಿಯಬೇಕಿತ್ತು. ಆದರೂ ಹೊಗೆಗೆ ಒಂದಿಷ್ಟು ದಾರಿ ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಕರಾವಳಿಯ ಮನೆಗಳಿಗೆ ಹಂಚು ಬಂತು. ಅದರ ಸಂದುಗಳಿಂದ ಹೊಗೆ ಅಷ್ಟಿಷ್ಟು ಸೋರಿಹೋಗುತ್ತಿತ್ತು.

ಘಟ್ಟದ ಆಚೆ, ತುಂಗಭದ್ರೆಯ ದಡದ ಮಂತ್ರಾಲಯ ಮತ್ತು ಆದವಾನಿ ಸೀಮೆಯ ಹಳೆಯ ಮನೆಗಳಲ್ಲಿ ಆ ಅನುಕೂಲವೂ ಇರಲಿಲ್ಲ. ಅಲ್ಲಿ ಮಣ್ಣು ಹೊದಿಸಿದ ಸಪಾಟು ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ. ಬಿಸಿಲನ್ನು ಹೊರಗೆ ತಡೆಯಲು ಕಟ್ಟಿದ ಮನೆ ಹೊಗೆಯನ್ನು ಒಳಗೇ ಹಿಡಿದಿಟ್ಟಿತು. ಹೊಗೆಗೆ ಇದ್ದ ದಾರಿ ಬೆಳಕಿಂಡಿ ಮಾತ್ರ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಹತ್ತಿ ಬೆಳೆಯುವ ಊರಾದ್ದರಿಂದ ಹತ್ತಿಕಟ್ಟಿಗೆ, ಜಾಲಿ, ಕುಳ್ಳು ಉರುವಲಾಗಿದ್ದವು. ಈ ಹೊಗೆಯ ಮುಂದೆ ದಿನಾ ಕೂತವರು ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು.

ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ವರ್ಷ ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಒಂದು ಪುಸ್ತಕ ಹೊರತಂದರು. ಮಣ್ಣಿನ ಒಲೆಗೇ ಕೊಳವೆ ಜೋಡಿಸಿ ಹೊಗೆಯನ್ನು ಮಾಡಿನಿಂದಾಚೆ ಕಳಿಸುವುದು ಅವರ ಉಪಾಯ. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಅಲ್ಲಿಂದ ಬಂದದ್ದೇ ಮೂರು ಪಾತ್ರೆ ಇಡಬಹುದಾದ ‘ಅಸ್ತ್ರ ಒಲೆ’. ಕೇಂದ್ರ ಸರಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳನ್ನು ಊರೂರಿಗೆ ಹಂಚಿತು.

ಅವುಗಳಲ್ಲಿ ಬಹಳಷ್ಟು ಒಲೆಗಳು ಉಳಿಯಲಿಲ್ಲ. ಮಸಿ ಕಟ್ಟಿದ ಕೊಳವೆಯನ್ನು ಆಗಾಗ ತೆಗೆದು ಶುಚಿ ಮಾಡಬೇಕು, ಬಿರಿದ ಮಣ್ಣನ್ನು ಮೆತ್ತಬೇಕು. ಕಟ್ಟಿಕೊಟ್ಟವರು ಮತ್ತೆ ಬಂದು ನೋಡುವುದು ಕಡಿಮೆ. ಕೊಳವೆ ಕಟ್ಟಿಕೊಂಡರೆ ಹೊಗೆ ಮತ್ತೆ ಒಳಗೇ.

ಈ ಹೊಗೆ ಕಣ್ಣುರಿಯಷ್ಟೇ ಅಲ್ಲ ಎಂಬುದು ಲೆಕ್ಕಕ್ಕೆ ಬಂದದ್ದೂ ಆಗಲೇ. ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದು 1983ರಲ್ಲಿ ಪ್ರಕಟಿಸಿದರು. ಹೊಗೆಯ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ದಮ್ಮು, ಹೃದ್ರೋಗ, ಕಣ್ಣಿನ ಪೊರೆ ಬರುವ ಅಪಾಯ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆಮೇಲೆ ಗ್ಯಾಸ್ ಬಂತು. ಆಂಧ್ರದಲ್ಲಿ 1999ರ ‘ದೀಪಂ’ ಯೋಜನೆ, ದೇಶದಲ್ಲಿ 2016ರ ‘ಉಜ್ವಲ’, ಕರ್ನಾಟಕದಲ್ಲಿ 2017ರ ‘ಅನಿಲ ಭಾಗ್ಯ’ ಬಡವರ ಮನೆಗೆ ಸಂಪರ್ಕ ಕೊಟ್ಟವು. ಆದರೆ ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದಕ್ಕೆ ದುಡ್ಡು ಬೇಕು. ಹೊಲದ ಹತ್ತಿಕಟ್ಟಿಗೆಗೆ ದುಡ್ಡಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಚಹಾಕ್ಕೆ ಗ್ಯಾಸು, ರೊಟ್ಟಿಗೆ ಸೌದೆ ಒಲೆ ಎಂದಾಯಿತು. ಆಂಧ್ರ ಸರಕಾರ ವರ್ಷಕ್ಕೆ ಮೂರು ಸಿಲಿಂಡರ್ ಉಚಿತವಾಗಿ ಕೊಡುವ ‘ದೀಪಂ-2’ ತಂದದ್ದು 2024ರ ನವೆಂಬರಿನಲ್ಲಿ. ಸಂಪರ್ಕ ಕೊಟ್ಟರೆ ಸಾಲದು, ಅದು ಉರಿಯುತ್ತಿರಬೇಕು ಎಂದು ಒಪ್ಪಿಕೊಳ್ಳಲು 25 ವರ್ಷ ಹಿಡಿಯಿತು.

ನಮ್ಮ ಮನೆಗಳಲ್ಲಿ ಈಗ ಗ್ಯಾಸ್ ಇದೆ ಎಂದು ನಿಶ್ಚಿಂತರಾಗುವಂತಿಲ್ಲ. ಸ್ನಾನದ ನೀರಿಗೆ ಇನ್ನೂ ಸೌದೆ ಒಲೆ ಉರಿಯುವ ಮನೆಗಳಿವೆ. ಒಂದು ಸೊಳ್ಳೆ ಬತ್ತಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡಬಹುದೆಂದು 2003ರ ಒಂದು ಅಧ್ಯಯನ ಹೇಳಿದೆ. ಅದನ್ನು ನಾವು ಮಕ್ಕಳು ಮಲಗುವ ಕೋಣೆಯಲ್ಲೇ ಬಾಗಿಲು ಹಾಕಿ ಹಚ್ಚುತ್ತೇವೆ. ಎಳೆಗೂಸಿಗೆ ಸ್ನಾನವಾದ ಮೇಲೆ ಲೋಬಾನದ ಹೊಗೆ ಹಿಡಿಯುವುದೂ ಹಲವೆಡೆ ಇದೆ.

ಸೊಳ್ಳೆ ಬತ್ತಿಯ ಬದಲು ಪರದೆ ಕಟ್ಟಬಹುದು. ಎಳೆಗೂಸನ್ನು ಹೊಗೆಯಿಂದ ದೂರ ಇಡಬಹುದು. ಹೊಸ ಮನೆ ಕಟ್ಟುವಾಗ ಚಾವಡಿಯ ಟೈಲ್ಸ್ ಆರಿಸುವ ಮೊದಲು ಅಡುಗೆಕೋಣೆಗೆ ಎದುರುಬದುರು ಎರಡು ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್ ಇದೆಯೇ ಎಂದು ನೋಡಬಹುದು. ನೋಂಬಿನ ತಿಂಗಳಲ್ಲಿ ಸಹರಿಗೂ ಇಫ್ತಾರಿಗೂ ಅಲ್ಲಿ ನಿಲ್ಲುವವರು ನಮ್ಮ ಉಮ್ಮಂದಿರು. ನಕ್ಷೆ ಬರೆಸುವ ದಿನ ಅವರನ್ನೂ ಕೂರಿಸಿ ಕೇಳಿ.