ಪದವಿ ಮತ್ತು ಪದ

(ಬಾನುಲಿ ಭಾಷಣ)

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಉಡುಪಿಯ ಹಿರಿಯ ವಕೀಲರೊಬ್ಬರಲ್ಲಿ ನಾನು ಹಳೆಯ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವ ಕೆಲಸಕ್ಕೆ ಸೇರಿದ್ದೆ. ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲಿಯೇ ನಡೆದ ವ್ಯಾಜ್ಯ ಅಪೀಲಿನ ಮೆಟ್ಟಿಲು ಹತ್ತಿತೆಂದರೆ ಅದರ ದಸ್ತಾವೇಜುಗಳೆಲ್ಲ ಇಂಗ್ಲಿಷಿನ ಅಂಗಿ ತೊಡಬೇಕಾಗುತ್ತಿತ್ತು. ಆ ಅಂಗಿ ಹೊಲಿಯುವ ಚಿಪ್ಪಿಗ ನಾನು.

ಒಂದು ದಿನ ಕಾಪುವಿನ ಕಡೆಯ ಗುತ್ತಿನ ಮನೆಯೊಂದರ ಹಿರಿಯರು ತಮ್ಮ ದೇವಸ್ಥಾನದ ಕಾಗದಗಳನ್ನು ತಂದಿದ್ದರು. ಅವುಗಳಲ್ಲಿ ಅವರ ಮಾವನ ಮಾವನನ್ನು ‘ಮೊಕ್ತೇಸರ’ ಎಂದು ಕರೆದಿತ್ತು. ನಾನು ಹಿಂದೆಮುಂದೆ ನೋಡದೆ ‘ಟ್ರಸ್ಟಿ’ ಎಂದು ಬರೆದೆ. ವಕೀಲರು ಆ ಪದದ ಮೇಲೆ ಪೆನ್ಸಿಲಿನಿಂದ ಗೀಟೆಳೆದು, “ಎಂಥ ಮಾರಾಯ, ಒಂದೇ ಮಾತಿನಲ್ಲಿ ಹಿರಿಯರ ಕೆಲಸ ತೆಗೆದುಬಿಟ್ಟೆಯಲ್ಲ!” ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥ ಹೇಳಿದವರು ಆ ಹಿರಿಯರೇ. “ಟ್ರಸ್ಟಿಯನ್ನು ಬೋರ್ಡಿನವರು ನೇಮಿಸುತ್ತಾರೆ, ಬೋರ್ಡಿನವರೇ ತೆಗೆಯುತ್ತಾರೆ. ನಮ್ಮನ್ನು ನೇಮಿಸಿದವರು ಯಾರೆಂದು ನಮಗೇ ತಿಳಿಯದು. ಉತ್ಸವಕ್ಕೆ ಅಕ್ಕಿ ಸಾಲದೆ ಬಂದರೆ ನಮ್ಮ ಮನೆಯ ಮುಡಿ ಹೋಗಬೇಕು. ಅದೊಂದು ಮಾತ್ರ ಗೊತ್ತು.”

ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಮಾಜದಲ್ಲಿ ಒಂದು ಸ್ಥಾನದಲ್ಲಿ ನಿಂತು ಹತ್ತು ಜನರ ಕಣ್ಣಿಗೆ ಬೀಳುವ ವ್ಯಕ್ತಿಯನ್ನು ಒಂದು ಭಾಷೆಯ ಕಾನೂನಿನಿಂದ ಇನ್ನೊಂದು ಭಾಷೆಯ ಕಾನೂನಿಗೆ ಸಾಗಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ?

ಈ ಕಷ್ಟ ನಮ್ಮದು ಮಾತ್ರವಲ್ಲ. ಸ್ಪೇನ್ ದೇಶದಲ್ಲಿ ವ್ಯಕ್ತಿಯ ಮಾನ, ಖಾಸಗಿತನ, ಭಾವಚಿತ್ರ ಇವುಗಳ ರಕ್ಷಣೆಗಾಗಿ 1982ರ ಮೇ ತಿಂಗಳಿನಲ್ಲಿ ಒಂದು ಕಾನೂನಾಯಿತು. ಸಾರ್ವಜನಿಕ ಸಮಾರಂಭದಲ್ಲಿ ಯಾರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಹುದು ಎಂದು ಹೇಳುವಾಗ ಅದು ‘ಕಾರ್ಗೊ ಪೂಬ್ಲಿಕೊ’ ಹೊಂದಿದವರು ಮತ್ತು ಜನಪ್ರಸಿದ್ಧಿಯ ವೃತ್ತಿಯಲ್ಲಿರುವವರು ಎಂದು ಎರಡು ಬಗೆ ಮಾಡುತ್ತದೆ. ಇಂಗ್ಲಿಷಿನ ಭಾಷಾಂತರಕಾರನು ಎರಡನ್ನೂ ಸೇರಿಸಿ ‘ಪಬ್ಲಿಕ್ ಫಿಗರ್’ ಎಂದು ಬರೆದರೆ ಓದಲು ಸುಗಮ. ಆದರೆ ಆ ಮಾತಿಗೆ ಅಮೆರಿಕದಲ್ಲಿ ಬೇರೆಯೇ ಚರಿತ್ರೆಯಿದೆ. ಅಧಿಕಾರಸ್ಥರನ್ನು ಟೀಕಿಸುವ ಪತ್ರಿಕೆಗೆ ವಿಶೇಷ ರಕ್ಷಣೆಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಕೊಟ್ಟಿತು. 1967ರಲ್ಲಿ ಅದನ್ನು ಅಧಿಕಾರವಿಲ್ಲದ ಪ್ರಸಿದ್ಧರಿಗೂ ವಿಸ್ತರಿಸಿತು. ಆ ಪದವನ್ನು ಬಳಸಿದೊಡನೆ ಆ ತೀರ್ಪುಗಳೆಲ್ಲ ಕರೆಯದ ನೆಂಟರಂತೆ ಬಂದು ಸ್ಪೇನಿನ ಕಾನೂನಿನ ಜಗಲಿಯಲ್ಲಿ ಕುಳಿತುಬಿಡುತ್ತವೆ.

‘ಕಾರ್ಗೊ’ ಎಂಬುದು ನಮಗೆ ಅಪರಿಚಿತ ಶಬ್ದವಲ್ಲ. ಬಂದರಿನಲ್ಲಿ ಹಡಗಿನ ಸರಕಿಗೆ ನಾವು ಹೇಳುವುದು ಅದನ್ನೇ. ಸ್ಪ್ಯಾನಿಷಿನಲ್ಲಿ ಅದರ ಮೂಲದ ಅರ್ಥ ಹೊರೆ. ಹೊರೆಯಿಂದ ಹೊಣೆ, ಹೊಣೆಯಿಂದ ಹುದ್ದೆ. ಇಂಗ್ಲಿಷಿನ ‘ಫಿಗರ್’ ಎಂದರೆ ಆಕೃತಿ, ಹೊರಗಿನಿಂದ ನೋಡುವವರಿಗೆ ಕಾಣುವ ರೂಪ. ಒಂದು ಭಾಷೆ ಆ ಮನುಷ್ಯನ ಹೆಗಲನ್ನು ನೋಡಿತು, ಇನ್ನೊಂದು ಅವನ ನೆರಳನ್ನು ನೋಡಿತು. ನಮ್ಮಲ್ಲಿ ‘ಧುರೀಣ’ ಎನ್ನುತ್ತೇವೆ. ಧುರವೆಂದರೆ ನೊಗ. ನೊಗ ಹೊತ್ತವನು ಧುರೀಣ. ಈ ಒಂದು ಪದದಲ್ಲಿ ನಾವು ಸ್ಪೇನಿನವರ ಪಕ್ಷ. ಮುಡಿ ಅಕ್ಕಿಯ ಮಾತನ್ನಾಡಿದ ಆ ಗುತ್ತಿನ ಹಿರಿಯರೂ ಅದೇ ಪಕ್ಷ.

ಈ ಹೊರೆಯ ಪ್ರಶ್ನೆ ನಮ್ಮ ಉಡುಪಿಯಿಂದಲೇ ಹೊರಟು ದೇಶದ ಅತ್ಯುಚ್ಚ ನ್ಯಾಯಾಲಯವನ್ನು ತಲುಪಿದ ಕಥೆ ನ್ಯಾಯವಾದಿಗಳಿಗೆಲ್ಲ ತಿಳಿದಿದೆ. ಸಾಹಿತ್ಯಾಸಕ್ತರು ಅದನ್ನು ಭಾಷಾಂತರದ ಕಥೆಯಾಗಿಯೂ ಓದಬೇಕೆಂಬುದು ನನ್ನ ಆಸೆ.

ಉಡುಪಿಯ ಅಷ್ಟಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಶ್ರೀಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುತ್ತಾರೆ. ಹದಿನಾರು ವರ್ಷಕ್ಕೊಮ್ಮೆ ಬರುವ ಈ ಪರ್ಯಾಯ ಎಂಥ ಗೌರವವೋ ಅಂಥದೇ ಹೊರೆ. ಎರಡು ವರ್ಷದ ಪೂಜೆ, ಉತ್ಸವ, ಅನ್ನಸಂತರ್ಪಣೆಗಳ ಭಾರವೆಲ್ಲ ಆ ಮಠದ್ದು. 1946ರಲ್ಲಿ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರ ಪರ್ಯಾಯ ಬಂತು. ಯುದ್ಧ ಮುಗಿದ ಹೊಸತು. ಧಾನ್ಯದ ಅಭಾವ, ಬೆಲೆಯ ಏರಿಕೆ. ಸಾಲ ಬೆಳೆದು ಒಂದು ಲಕ್ಷ ರೂಪಾಯಿಯ ಹತ್ತಿರ ಹೋಯಿತು. ಆಗ ದಕ್ಷಿಣ ಕನ್ನಡ ಮದ್ರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಧರ್ಮಾದಾಯ ಮಂಡಳಿ ನಡುವೆ ಪ್ರವೇಶಿಸಿ, ಮಠಕ್ಕೆ ಸಮರ್ಥನಾದ ವ್ಯವಸ್ಥಾಪಕನನ್ನು ನೇಮಿಸಬೇಕೆಂದಿತು. ಮುಂದೆ ಮದ್ರಾಸು ಸರಕಾರ 1951ರಲ್ಲಿ ಇನ್ನೂ ಬಿಗಿಯಾದ ಕಾನೂನು ತಂದಿತು. ವ್ಯಾಜ್ಯ ಮದ್ರಾಸು ಉಚ್ಚ ನ್ಯಾಯಾಲಯದಲ್ಲಿ ನಡೆದು ದೆಹಲಿಗೆ ಹೋಯಿತು. 1954ರ ಮಾರ್ಚ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯಾ, ಹಿಂದೂ ಧರ್ಮಾದಾಯಗಳ ಕಾನೂನಿನಲ್ಲಿ ಗ್ರಂಥಕರ್ತರಾದ ವಿದ್ವಾಂಸರು.

ಆ ವ್ಯಾಜ್ಯದ ನಡುವೆ ಇದ್ದುದು ಒಂದು ಪದ: ‘ಮಠಾಧಿಪತಿ’. ಇವರು ಕಾನೂನಿನ ಕಣ್ಣಿಗೆ ಯಾರು? ಮದ್ರಾಸಿನ ಕಾನೂನು ‘ಟ್ರಸ್ಟಿ’ ಎಂಬ ಪದದೊಳಗೆ ಮಠಾಧಿಪತಿಗಳನ್ನೂ ಸೇರಿಸಿತ್ತು. ಆದರೆ ಇಂಗ್ಲಿಷ್ ಟ್ರಸ್ಟಿಗೂ ನಮ್ಮ ಮಠಾಧಿಪತಿಗೂ ಹೊಂದಿಕೆಯಿಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1921ರಲ್ಲಿಯೇ ಹೇಳಿತ್ತು. ವಿದ್ಯಾವಾರುತಿ ತೀರ್ಥರ ಮೊಕದ್ದಮೆಯೆಂದು ಹೆಸರಾದ ಆ ತೀರ್ಪನ್ನು ಬರೆದವರು ಅಮೀರ್ ಅಲಿ. ಮಠದ ಭೂಮಿಯನ್ನು ಹಿಂದಿನ ಸ್ವಾಮಿಗಳು ಶಾಶ್ವತ ಗೇಣಿಗೆ ಕೊಟ್ಟಿದ್ದರು. ಸ್ವಾಮಿಗಳು ಟ್ರಸ್ಟಿಯೆಂದಾದರೆ ಕಾಲಮಿತಿಯ ಕಾನೂನಿನ ಹನ್ನೆರಡು ವರ್ಷದ ವಾಯಿದೆ ಭೂಮಿ ಹಿಡಿದವನಿಗೆ ಅನುಕೂಲ. ಅಲ್ಲವೆಂದಾದರೆ ಮಠಕ್ಕೆ ಅನುಕೂಲ. ಭೂಮಿ ಯಾರಿಗೆ ಎಂಬುದನ್ನು ಒಂದು ಪದದ ಸರಿತಪ್ಪು ತೀರ್ಮಾನಿಸಿತು. ಭಾಷಾಂತರವೆಂದರೆ ಬರಿಯ ಶಬ್ದಗಳ ಆಟವೆಂದು ತಿಳಿದವರು ಇದನ್ನು ನೆನೆಯಬೇಕು.

1954ರ ತೀರ್ಪು ಇನ್ನೂ ಸೂಕ್ಷ್ಮವಾಗಿ ಹೋಯಿತು. ಮಠಾಧಿಪತಿಯ ಸ್ಥಾನದಲ್ಲಿ ಅಧಿಕಾರವೂ ಇದೆ, ಸ್ವತ್ತಿನ ಹಕ್ಕೂ ಇದೆ. ಕರ್ತವ್ಯವೂ ಇದೆ, ಸ್ವಂತದ ಹಿತವೂ ಇದೆ. ಒಂದರಿಂದ ಇನ್ನೊಂದನ್ನು ಬಿಡಿಸಲು ಬರುವುದಿಲ್ಲ ಎಂದು ಅದು ಕಂಡಿತು. ತಪ್ಪು ನಡೆದಿರಲಿ, ಇಲ್ಲದಿರಲಿ, ಆಯುಕ್ತರು ಬಯಸಿದೊಡನೆ ಮಠಕ್ಕೆ ವ್ಯವಸ್ಥಾಪಕನನ್ನು ನೇಮಿಸುವಂತೆ ಮಾಡುವ ಕಲಮನ್ನು ಅದು ರದ್ದುಪಡಿಸಿತು. ಹಾಗೆ ಮಾಡಿದರೆ ಮಠಾಧಿಪತಿ ಸಂಬಳದ ನೌಕರನ ಮಟ್ಟಕ್ಕೆ ಇಳಿಯಬೇಕಾಗುತ್ತದೆ ಎಂಬುದು ಕಾರಣ. ಇನ್ನೂ ಕೆಲವು ಕಲಮುಗಳು ಬಿದ್ದವು. ಹಾಗೆಂದು ಸರಕಾರಕ್ಕೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸ್ವತ್ತಿನ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸಬಹುದೆಂದಿತು. ಒಡೆಯನೂ ಅಲ್ಲ, ಸೇವಕನೂ ಅಲ್ಲ, ಇಂಗ್ಲಿಷರ ಟ್ರಸ್ಟಿಯೂ ಅಲ್ಲ: ಮೂರು ‘ಅಲ್ಲ’ಗಳ ನಡುವೆ ಮಠಾಧಿಪತಿ ಮಠಾಧಿಪತಿಯಾಗಿಯೇ ಉಳಿದರು.

ಬಿದ್ದ ಕಲಮುಗಳಲ್ಲಿ ಒಂದರ ಮೇಲೆ ನನಗೆ ವಿಶೇಷ ಪ್ರೀತಿ. ಅದು ಶಿಷ್ಯರು ಗುರುಗಳಿಗೆ ಒಪ್ಪಿಸುವ ‘ಪಾದಕಾಣಿಕೆ’ಯನ್ನು ಕುರಿತದ್ದು. ಮದ್ರಾಸಿನ ಇಂಗ್ಲಿಷ್ ಕಾನೂನು ಬರೆದವರು ಈ ಪದಕ್ಕೆ ಸಾಟಿ ಕಾಣದೆ ಅದನ್ನು ಇದ್ದಂತೆಯೇ ರೋಮನ್ ಲಿಪಿಯಲ್ಲಿಟ್ಟು, ಇಂಗ್ಲಿಷಿನ ಬಹುವಚನ ಪ್ರತ್ಯಯವನ್ನು ಬಾಲದಂತೆ ಅಂಟಿಸಿದರು. ಕೊಡುಗೆಯೆಂದರೆ ಪಾದ ಹೋಯಿತು, ದಕ್ಷಿಣೆಯೆಂದರೆ ಬೇರೆಯಾಯಿತು, ಶುಲ್ಕವೆಂದರೆ ಅಪಚಾರವಾಯಿತು. ಇದ್ದಂತೆ ಇಟ್ಟದ್ದೇ ಲೇಸಾಯಿತು. ನಮ್ಮ ಜಿಲ್ಲೆಯ ಅಳಿಯಸಂತಾನದವರಿಗಾಗಿ 1949ರಲ್ಲಿ ಮಾಡಿದ ಕಾನೂನಿನಲ್ಲಿಯೂ ‘ಕುಟುಂಬ’, ‘ಕವರು’ ಎಂಬ ಮಾತುಗಳು ಹೀಗೆಯೇ ಇಂಗ್ಲಿಷಿನ ನಡುವೆ ನಿಂತಿವೆ. ತಾಯಿಯ ಕಡೆಯಿಂದ ಎಣಿಸುವ ಮನೆತನವನ್ನು ‘ಫ್ಯಾಮಿಲಿ’ ಎಂದರೆ ಓದುವವನು ತಂದೆಯಿಂದ ಎಣಿಸತೊಡಗುತ್ತಾನೆಂಬ ಭಯ ಬರೆದವರಿಗೆ ಇದ್ದಿರಬೇಕು.

ಎಲ್ಲ ಕಡೆಯೂ ಇಷ್ಟು ಎಚ್ಚರ ಸಾಧ್ಯವಾಗಲಿಲ್ಲ. ಸಂವಿಧಾನದ 26ನೆಯ ಅನುಚ್ಛೇದ ‘ರಿಲಿಜಸ್ ಡಿನಾಮಿನೇಷನ್’ಗೆ ಹಕ್ಕು ಕೊಡುತ್ತದೆ. ಮಧ್ವಾಚಾರ್ಯರ ಅನುಯಾಯಿಗಳು ಅಂಥ ಒಂದು ‘ಡಿನಾಮಿನೇಷನ್’ ಹೌದೇ ಎಂದು ತಿಳಿಯಲು ನ್ಯಾಯಾಲಯ ಆಕ್ಸ್‌ಫರ್ಡ್ ನಿಘಂಟನ್ನು ತೆರೆಯಿತು! ಹೌದೆಂಬ ತೀರ್ಮಾನವೇನೋ ಬಂತು. ಆದರೂ ಶತಮಾನಗಳಿಂದ ‘ಮತ’, ‘ಸಂಪ್ರದಾಯ’, ‘ಪರಂಪರೆ’ ಎಂದು ತಮ್ಮನ್ನು ಕರೆದುಕೊಂಡವರ ಗುರುತು ಇಂಗ್ಲಿಷ್ ನಿಘಂಟಿನ ಒಂದು ಪುಟದ ಮೂಲಕ ಹಾದುಬರಬೇಕಾಯಿತಲ್ಲ, ಆ ವಿಚಿತ್ರವನ್ನು ನೆನೆದಾಗ ನಗುವೂ ಬರುತ್ತದೆ, ಯೋಚನೆಯೂ ಬರುತ್ತದೆ.

‘ಪಬ್ಲಿಕ್’ ಎಂಬ ಪದದ ಪರೀಕ್ಷೆಯೂ ನಮ್ಮ ಕರಾವಳಿಯಲ್ಲಿಯೇ ನಡೆಯಿತು. ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನದ ವ್ಯಾಜ್ಯದಲ್ಲಿ 1957ರ ನವೆಂಬರ್ 8ರಂದು ಬಂದ ತೀರ್ಪು ಆ ದೇವಸ್ಥಾನ ಗೌಡ ಸಾರಸ್ವತರ ಪಂಗಡದ್ದೆಂದು ಒಪ್ಪಿತು. ಆದರೂ ಸಾರ್ವಜನಿಕ ಸ್ವರೂಪದ ದೇವಾಲಯದ ಪ್ರವೇಶ ಹಿಂದೂಗಳ ಎಲ್ಲ ವರ್ಗದವರಿಗೂ ಇದೆಯೆಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡಕ್ಕೆ ಉಳಿಸಿಕೊಟ್ಟಿತು. ಬಾಗಿಲ ಹೊರಗೆ ತಲೆಮಾರುಗಳಿಂದ ನಿಂತವರಿಗೆ ‘ಸಾರ್ವಜನಿಕ’ ಎಂಬುದು ನಿಘಂಟಿನ ಮಾತಾಗಿರಲಿಲ್ಲ. ನಮ್ಮ ಹಳೆಯ ಪದಗಳು ಎಲ್ಲವನ್ನೂ ಸರಿಯಾಗಿ ಕಂಡಿದ್ದವೆಂದು ಬೀಗುವವರು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು. ‘ಹತ್ತು ಸಮಸ್ತರು’ ಎಂದು ನಾವು ಬರೆದುಕೊಂಡ ಸಮಸ್ತರಲ್ಲಿ ಎಷ್ಟೋ ಜನ ಸೇರಿರಲಿಲ್ಲ. ಹೊರಗಿನಿಂದ ಬಂದ ಪದವೊಂದು ಅವರನ್ನು ಒಳಗೆ ತಂದಿತು.

ಇನ್ನು ಮೊಕ್ತೇಸರರಲ್ಲಿಗೆ ಮರಳೋಣ. ಮದ್ರಾಸಿನ ಕಾನೂನಿನಲ್ಲಿ ‘ಹೆರೆಡಿಟರಿ ಟ್ರಸ್ಟಿ’ ಎಂಬ ವರ್ಗವೊಂದಿತ್ತು. ವಂಶದಿಂದಲೋ ರೂಢಿಯಿಂದಲೋ ಸ್ಥಾನ ಪಡೆದವರು ಅದರಲ್ಲಿ ಬರುತ್ತಿದ್ದರು. ಗುತ್ತಿನವರು, ಬಲ್ಲಾಳರು, ಬೀಡಿನವರು ಆ ಹೆಸರಿನಲ್ಲಿ ಆಶ್ರಯ ಪಡೆದರು. ಅನಂತರ ಆ ಇಂಗ್ಲಿಷ್ ಮಾತು ಕನ್ನಡಕ್ಕೆ ತಿರುಗಿ ಬಂದು ‘ಆನುವಂಶಿಕ ಮೊಕ್ತೇಸರ’ ಎಂದಾಯಿತು. ಕರ್ನಾಟಕದ 1997ರ ಧರ್ಮಾದಾಯ ಕಾನೂನು ‘ವ್ಯವಸ್ಥಾಪನಾ ಸಮಿತಿ’ ಎಂಬ ಹೊಸ ಹೆಸರನ್ನು ರೂಢಿಗೆ ತಂದಿದೆ. ಆದರೆ ಕಾರ್ಕಳ, ಕಾಪು, ಉಡುಪಿಯ ಊರುಗಳಿಂದ ಬರುವ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ ‘ಆನುವಂಶಿಕ ಮೊಕ್ತೇಸರರು’ ಎಂಬ ಸಾಲನ್ನು ನಾವು ಈಗಲೂ ಓದುತ್ತೇವೆ. ಕನ್ನಡದಿಂದ ಹೊರಟು, ಇಂಗ್ಲಿಷಿನಲ್ಲಿ ಕೆಲವು ಕಾಲ ನಿಂತು, ಒಂದು ವಿಶೇಷಣವನ್ನು ಸಂಪಾದಿಸಿಕೊಂಡು ಮನೆಗೆ ಮರಳಿದ ಪದ ಅದು. ಮೊದಲು ಆ ವಿಶೇಷಣ ಬೇಕಿರಲಿಲ್ಲ. ಮೊಕ್ತೇಸರಿಕೆ ಮನೆತನದ್ದೆಂದು ಊರಿಗೇ ಗೊತ್ತಿತ್ತು. ಬೇರೊಬ್ಬರಿಗೆ ವಿವರಿಸಬೇಕಾಗಿ ಬಂದಾಗ ನಮಗೆ ಗೊತ್ತಿದ್ದುದನ್ನೂ ನಾವು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಭಾಷಾಂತರದ ಉಪಕಾರ ಅದು.

ಅಂದು ನನ್ನ ವಕೀಲರು ಕೊನೆಗೆ ಹೇಳಿದ್ದು ಇಷ್ಟೇ: “ಗೊತ್ತಿಲ್ಲದ ಪದವನ್ನು ಗೊತ್ತಿದೆಯೆಂದು ಬರೆಯಬೇಡ. ಪದವನ್ನು ಹಾಗೆಯೇ ಇಡು. ಆ ಮನುಷ್ಯ ಏನು ಮಾಡುತ್ತಾನೆ ಎಂದು ಕೆಳಗೆ ಬರೆ.” ನಾನು ಮೊಕ್ತೇಸರ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ, ಮಾವನಿಂದ ಅಳಿಯನಿಗೆ ಬರುವ ಸ್ಥಾನ, ಉತ್ಸವ ನಡೆಸುವ ಹೊಣೆ, ಕೊರತೆಯಾದರೆ ತನ್ನ ಮನೆಯಿಂದ ತುಂಬುವ ಕಟ್ಟಳೆ ಎಂದು ಮೂರು ಸಾಲು ಸೇರಿಸಿದೆ. ವ್ಯಾಜ್ಯ ಕೆಲವು ವರ್ಷ ನಡೆದು ರಾಜಿಯಲ್ಲಿ ಮುಗಿಯಿತು. ರಾಜಿಪತ್ರಕ್ಕೆ ರುಜು ಹಾಕಲು ಬಂದಾಗ ಆ ಹಿರಿಯರು ನನ್ನ ಮೂರು ಸಾಲುಗಳನ್ನು ಕನ್ನಡದಲ್ಲಿ ಓದಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರನೆಯದನ್ನು ಮೊದಲು ಬರೆಯಬೇಕಿತ್ತು” ಎಂದರು.