ಮರಳಿ ಬಾರದ ವಿಮಾನಗಳ ಸಾಕ್ಷ್ಯ: ೧೯೫೦ರ ನೀಲಗಿರಿ ಅಪಘಾತವನ್ನು ಕುರಿತು ಒಂದು ವಿಚಾರ

ಭಾರತದ ಭೂಪಟದ ಮೇಲೆ ಮುಂಬಯಿಯಿಂದ ಕೊಯಮತ್ತೂರಿಗೆ ಒಂದು ಸರಳರೇಖೆಯನ್ನೆಳೆದರೆ ಅದರ ಉದ್ದ ಸುಮಾರು ೧೦೦೦ ಕಿಲೋಮೀಟರು ಆಗುತ್ತದೆ. ಆ ರೇಖೆ ಹೆಚ್ಚುಕಡಿಮೆ ತನ್ನ ನಡುದಾರಿಯಲ್ಲಿ ಹಾನಗಲ್ಲಿನ ಮೇಲೆ ಹಾಯುತ್ತದೆ. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ಅದರ ಪೂರ್ವಕ್ಕೆ, ೩೫ ಕಿಲೋಮೀಟರಿನ ಒಳಗಿನ ಅಂತರದಲ್ಲಿ ಉಳಿಯುತ್ತವೆ. ಅದೇ ರೇಖೆ ಕೊಯಮತ್ತೂರನ್ನು ಮುಟ್ಟುವುದಕ್ಕೆ ಸುಮಾರು ೫೦ ಕಿಲೋಮೀಟರು ಮೊದಲು ನೀಲಗಿರಿಯ ಕೋಟಗಿರಿಯನ್ನು ದಾಟುತ್ತದೆ. ೧೯೫೦ರ ಡಿಸೆಂಬರ್ ೧೩ರಂದು ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣದಿಂದ ಕೊಯಮತ್ತೂರಿಗೆ ಹೊರಟಿದ್ದ ಏರ್ ಇಂಡಿಯಾ ಸಂಸ್ಥೆಯ ಡಕೋಟ ವಿಮಾನವೊಂದು ಕೋಟಗಿರಿಯ ಸಮೀಪದಲ್ಲಿ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ೨೧ ಮಂದಿಯೂ ಮಡಿದರು. ನಾವು ಇಲ್ಲಿ ಹೇಳಿದ್ದು ನಕ್ಷೆಯ ರೇಖೆಯ ಮಾತೇ ಹೊರತು ಅಂದು ವಿಮಾನ ಹಿಡಿದ ದಾರಿಯ ಮಾತಲ್ಲ. ಆದರೂ ನಮ್ಮ ನೆಲಕ್ಕೂ ಆ ಬೆಟ್ಟಕ್ಕೂ ಇರುವ ಈ ನೇರ ಸಂಬಂಧ ಆ ದುರಂತವನ್ನು ನಮ್ಮ ವಿಚಾರಕ್ಕೆ ಹತ್ತಿರ ತರುತ್ತದೆ.

ಆಗ ಈ ನಾಲ್ಕು ಊರುಗಳೂ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ನವಾಬರ ಸಂಸ್ಥಾನ ಆ ರಾಜ್ಯದಲ್ಲಿ ವಿಲೀನವಾಗಿ ಎರಡು ವರ್ಷಗಳಷ್ಟೇ ಕಳೆದಿದ್ದವು. ಇಲ್ಲಿನ ಬಹುಮಂದಿಗೆ ವಿಮಾನವೆಂಬುದು ಏರುವ ವಾಹನವಾಗಿರಲಿಲ್ಲ. ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವ ವಸ್ತುವಾಗಿತ್ತು. ಅಂತಹ ವಸ್ತುವಿನ ಚರಿತ್ರೆಯನ್ನು ಯಾವ ಸಾಕ್ಷ್ಯದಿಂದ ಬರೆಯಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

ಎರಡನೆಯ ಮಹಾಯುದ್ಧ ಮುಗಿದಾಗ ಜಗತ್ತಿನ ನಾಗರಿಕ ವಿಮಾನಯಾನ ಬಹುಮಟ್ಟಿಗೆ ಒಂದೇ ಮಾದರಿಯ ಮೇಲೆ ನಿಂತಿತು. ಅಮೆರಿಕದ ಡಗ್ಲಸ್ ಸಂಸ್ಥೆಯ ಡಿಸಿ-೩ ವಿಮಾನ ಮೊದಲ ಬಾರಿಗೆ ಹಾರಿದ್ದು ೧೯೩೫ರ ಡಿಸೆಂಬರ್ ೧೭ರಂದು. ಯುದ್ಧಕಾಲದಲ್ಲಿ ಅದರ ಸೈನಿಕ ರೂಪಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿ, ಒಟ್ಟು ಲೆಕ್ಕ ಹತ್ತು ಸಾವಿರವನ್ನು ಮೀರಿತು. ಶಾಂತಿ ನೆಲಸಿದೊಡನೆ ಇವು ಮಿಗತೆ ಸಾಮಗ್ರಿಯಾಗಿ ಮಾರಾಟಕ್ಕೆ ಬಂದವು. ಟಾಟಾ ಏರ್‌ಲೈನ್ಸ್ ೧೯೪೬ರ ಜುಲೈ ೨೯ರಂದು ಏರ್ ಇಂಡಿಯಾ ಆದಾಗಲೂ, ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ತನ್ನ ಸಂಚಾರವನ್ನಾರಂಭಿಸಿದಾಗಲೂ ಅವುಗಳ ಮುಖ್ಯ ಬಂಡವಾಳ ಡಕೋಟವೇ. ಬೆಂಗಳೂರಿನಲ್ಲಿ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ಕೇಂದ್ರವಾಗಿದ್ದು, ಅನಂತರ ಇಂತಹ ಸೈನಿಕ ಡಕೋಟಗಳನ್ನು ಪ್ರಯಾಣಿಕರ ಬಳಕೆಗೆ ಒಗ್ಗಿಸುವ ಕೆಲಸವನ್ನು ಕೈಗೊಂಡಿತು.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಸ್ಥಿತಿಯಲ್ಲ. ಯುದ್ಧದಿಂದ ನೆಲಸಮವಾಗಿದ್ದ ಪೋಲೆಂಡಿನಲ್ಲಿ ಲಾಟ್ ಎಂಬ ರಾಷ್ಟ್ರೀಯ ವಿಮಾನಸಂಸ್ಥೆ ೧೯೪೫ರಲ್ಲಿ ಮತ್ತೆ ತಲೆಯೆತ್ತಿದ್ದು ಲಿ-೨ ವಿಮಾನಗಳ ಆಧಾರದಿಂದ. ಸೋವಿಯತ್ ದೇಶ ಪರವಾನಗಿ ಪಡೆದು ತನ್ನಲ್ಲಿ ನಿರ್ಮಿಸಿದ ಡಿಸಿ-೩ ವಿಮಾನಕ್ಕೇ ಲಿ-೨ ಎಂದು ಹೆಸರು. ೧೯೪೭ರಲ್ಲಿ ಅದೇ ಸಂಸ್ಥೆ ಫ್ರಾನ್ಸಿನಿಂದ ಐದು ಲಾಂಗೆದಾಕ್ ವಿಮಾನಗಳನ್ನು ಕೊಂಡಿತಾದರೂ ಎಂಜಿನುಗಳ ತೊಂದರೆಯಿಂದ ಅವು ಬಹುಕಾಲ ಉಳಿಯಲಿಲ್ಲ. ೧೯೫೧ರ ನವೆಂಬರ್ ೧೫ರಂದು ವುಚ್ ನಗರದ ಸಮೀಪದ ತುಷಿನ್ ಎಂಬಲ್ಲಿ ಒಂದು ಲಿ-೨ ಬಿದ್ದು, ಒಳಗಿದ್ದವರೆಲ್ಲರೂ ಮಡಿದರು. ೧೯೫೪ರ ಮೇ ೧೯ರಂದು ಮತ್ತೊಂದು ಲಿ-೨ ದಕ್ಷಿಣ ಪೋಲೆಂಡಿನ ಗುಡ್ಡಗಾಡಿನಲ್ಲಿ ಗ್ರುಷೋವ್ಯೆತ್ಸ್ ಎಂಬ ಹಳ್ಳಿಯ ಬಳಿ ಅಪಘಾತಕ್ಕೀಡಾಯಿತು. ಭಾರತದ ಡಕೋಟವೂ ಪೋಲೆಂಡಿನ ಲಿ-೨ ವಿಮಾನವೂ ಒಂದೇ ತಾಯಿಯ ಮಕ್ಕಳು. ಅವುಗಳ ಕಷ್ಟಗಳೂ ಒಂದೇ ಬಗೆಯವು.

ಆ ಕಷ್ಟಗಳ ಸ್ವರೂಪವನ್ನು ಅರಿಯಲು ನೀಲಗಿರಿಯೇ ಸಾಕು. ಕೊಯಮತ್ತೂರಿನ ನೆಲ ಸಮುದ್ರಮಟ್ಟದಿಂದ ಸುಮಾರು ೪೦೦ ಮೀಟರು ಎತ್ತರದಲ್ಲಿದೆ. ಅದರ ವಾಯವ್ಯಕ್ಕೆ ನಿಂತ ದೊಡ್ಡಬೆಟ್ಟದ ಎತ್ತರ ೨೬೩೭ ಮೀಟರು. ಡಕೋಟದೊಳಗೆ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡಿರಲಿಲ್ಲವಾದ್ದರಿಂದ ಪ್ರಯಾಣಿಕರನ್ನು ಹೊತ್ತು ೩೦೦೦ ಮೀಟರಿಗಿಂತ ಬಹಳ ಮೇಲೆ ಸಂಚರಿಸುವುದು ವಾಡಿಕೆಯಾಗಿರಲಿಲ್ಲ. ಎಂದರೆ ಬೆಟ್ಟದ ನೆತ್ತಿಗೂ ವಿಮಾನದ ಹೊಟ್ಟೆಗೂ ನಡುವೆ ಉಳಿಯುವ ಅವಕಾಶ ಅತ್ಯಲ್ಪ. ದಾರಿಯನ್ನು ತಿಳಿಯಲು ದಿಕ್ಸೂಚಿ, ಗಡಿಯಾರ, ನಕ್ಷೆ, ನೆಲದಿಂದ ಬರುವ ರೇಡಿಯೋ ಸಂಕೇತ ಇಷ್ಟೇ ಆಧಾರ. ಡಿಸೆಂಬರ್ ತಿಂಗಳು ಈಶಾನ್ಯ ಮಾರುತದ ಕಾಲ. ಕೋಟಗಿರಿಯ ಮಗ್ಗುಲು ಮೋಡ ಮುಸುಕುವ ದಿನಗಳು. ಇಳಿಯುವ ನಿಲ್ದಾಣ ಹತ್ತಿರವಾಯಿತೆಂದು ಕೆಳಗಿಳಿಯತೊಡಗುವ ಹೊತ್ತಿಗೆ ಬೆಟ್ಟ ಇನ್ನೂ ಮುಂದೆಯೇ ಇದ್ದರೆ ಗತಿಯೇನು? ೧೯೫೦ರ ಅಪಘಾತಕ್ಕೆ ದಾರಿಯ ಲೆಕ್ಕದಲ್ಲಾದ ತಪ್ಪೇ ಕಾರಣವೆಂದು ದಾಖಲೆಯಾಗಿದೆ. ವಿಮಾನ ಬಿದ್ದದ್ದು ನೀಲಗಿರಿಯ ಉತ್ತರಭಾಗದ ರಂಗಸ್ವಾಮಿ ಕಂಬದ ಹತ್ತಿರ. ಕನ್ನಡಕ್ಕೆ ತೀರ ಸಮೀಪದ ನುಡಿಯನ್ನಾಡುವ ಬಡಗರಿಗೂ, ಕಾಡಿನ ಇರುಳರಿಗೂ ಪೂಜ್ಯವಾದ ಬೆಟ್ಟವದು.

ಈ ದುರಂತಕ್ಕೆ ಕೇವಲ ನಲವತ್ತು ದಿನ ಮೊದಲು, ನವೆಂಬರ್ ೩ರಂದು, ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ 'ಮಲಬಾರ್ ಪ್ರಿನ್ಸೆಸ್' ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರಕ್ಕೆ ಬಡಿದು ೪೮ ಮಂದಿ ಸತ್ತಿದ್ದರು. ಅದಕ್ಕೂ ಹಿಂದೆ, ೧೯೪೭ರ ಡಿಸೆಂಬರ್ ೨೭ರಂದು, ಕರಾಚಿಯಿಂದ ಮುಂಬಯಿಗೆ ಹೊರಟ ಏರ್ ಇಂಡಿಯಾ ವಿಮಾನ ಕೋರಂಗಿ ಕೊಲ್ಲಿಯಲ್ಲಿ ಬಿದ್ದು ೨೩ ಮಂದಿ ಮಡಿದಿದ್ದರು. ೧೯೫೩ರ ಆಗಸ್ಟ್ ೧ರಂದು ವಿಮಾನಯಾನ ರಾಷ್ಟ್ರೀಕರಣಗೊಳ್ಳುವ ಹಿಂದಿನ ಈ ಆರೇಳು ವರ್ಷಗಳನ್ನು ಸಾಹಸದ ಕಾಲವೆಂದು ವರ್ಣಿಸುವುದುಂಟು. ಆ ಸಾಹಸಕ್ಕೆ ತೆತ್ತ ಬೆಲೆಯನ್ನು ಮರೆತರೆ ವರ್ಣನೆ ಅಪೂರ್ಣವಾಗುತ್ತದೆ.

ಕೋಟಗಿರಿಯಲ್ಲಿ ಮಡಿದವರ ಪೈಕಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞನೊಬ್ಬನಿದ್ದನೆಂಬುದು ನಮ್ಮ ವಿಚಾರಕ್ಕೆ ಮುಖ್ಯವಾದ ಸಂಗತಿ. ೧೯೦೨ರಲ್ಲಿ ಕ್ಲೂಜ್ ನಗರದಲ್ಲಿ ಯಹೂದಿ ಮನೆತನವೊಂದರಲ್ಲಿ ಹುಟ್ಟಿ, ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಓದಿ, ನಾಟ್ಸಿಗಳು ಆಸ್ಟ್ರಿಯವನ್ನು ಆಕ್ರಮಿಸಿದ ೧೯೩೮ರಲ್ಲಿ ಅಮೆರಿಕಕ್ಕೆ ತೆರಳಿದವನು ಈತ. ಯೂರೋಪಿನಲ್ಲುಳಿದ ಅವನ ಬಂಧುಗಳಲ್ಲಿ ಬಹುಮಂದಿ ನಾಟ್ಸಿಗಳ ಕೈಯಲ್ಲಿ ಹತರಾದರು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದ ಅವನೊಡನೆ ಪತ್ನಿಯೂ ಅದೇ ವಿಮಾನದಲ್ಲಿ ತೀರಿಕೊಂಡಳು. ಇಬ್ಬರು ಎಳೆಯ ಮಕ್ಕಳು ಅನಾಥರಾದರು.

ಯುದ್ಧಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧನ ತಂಡದಲ್ಲಿದ್ದು ವಾಲ್ಡ್ ಪರಿಶೀಲಿಸಿದ ಸಮಸ್ಯೆಗಳಲ್ಲಿ ಒಂದು ವಿಮಾನಗಳನ್ನೇ ಕುರಿತದ್ದು. ಕಾಳಗಕ್ಕೆ ಹೋಗಿ ಮರಳಿದ ವಿಮಾನಗಳ ಮೈಮೇಲಿನ ಗುಂಡಿನ ಗಾಯಗಳನ್ನು ಎಣಿಸಬಹುದು. ಮರಳದವುಗಳ ಗಾಯಗಳನ್ನು ಯಾರೂ ಎಣಿಸಲಾರರು. ಹೀಗಿರುವಾಗ ಒಂದು ಗುಂಡಿನ ಪೆಟ್ಟು ವಿಮಾನವನ್ನು ಕೆಡಹುವ ಸಂಭವವೆಷ್ಟು? ಅವನು ಕಲ್ಪಿಸಿಕೊಂಡ ಉದಾಹರಣೆಯಲ್ಲಿ ೪೦೦ ವಿಮಾನಗಳು ಹೋಗಿ ೩೮೦ ಮರಳುತ್ತವೆ. ಅವುಗಳಲ್ಲಿ ೩೨೦ಕ್ಕೆ ಪೆಟ್ಟೇ ಇಲ್ಲ, ೩೨ಕ್ಕೆ ಒಂದು ಪೆಟ್ಟು, ೨೦ಕ್ಕೆ ಎರಡು, ಉಳಿದ ಎಂಟಕ್ಕೆ ಮೂರರಿಂದ ಐದು. ಮರಳದ ೨೦ ವಿಮಾನಗಳೂ ಪೆಟ್ಟಿನಿಂದಲೇ ಬಿದ್ದವೆಂದೂ, ಪ್ರತಿ ಪೆಟ್ಟಿನ ಅಪಾಯ ಸಮನೆಂದೂ ಭಾವಿಸಿ ಲೆಕ್ಕವಿಟ್ಟರೆ, ಒಂದು ಪೆಟ್ಟನ್ನು ತಾಳಿ ಉಳಿಯುವ ಸಂಭವ ನೂರಕ್ಕೆ ೮೫ ಎಂದು ದೊರೆಯುತ್ತದೆ. ಮರಳಿದವುಗಳ ಗಾಯಗಳನ್ನಷ್ಟೇ ನೋಡಿದವನು, ಐದು ಪೆಟ್ಟು ತಿಂದದ್ದೂ ಮರಳಿತಲ್ಲ ಎಂದು ಧೈರ್ಯ ತಾಳುತ್ತಿದ್ದನು. ಕಾಣದ ೨೦ ವಿಮಾನಗಳನ್ನು ಲೆಕ್ಕಕ್ಕೆ ತಂದಾಗಲೇ ನಿಜವಾದ ಅಪಾಯ ಗೋಚರಿಸುತ್ತದೆ. ೧೯೪೩ರ ಈ ಟಿಪ್ಪಣಿಗಳು ೧೯೮೦ರಲ್ಲಿ ಮರುಮುದ್ರಣಗೊಂಡವು. ಗಾಯವಿಲ್ಲದ ಕಡೆಗೇ ಕವಚ ತೊಡಿಸಿರೆಂದು ವಾಲ್ಡ್ ಸೇನಾಧಿಕಾರಿಗಳಿಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟನೆಂಬ ಕಥೆ ಜನಪ್ರಿಯವಾಗಿದೆ. ಟಿಪ್ಪಣಿಗಳಲ್ಲಿರುವುದು ಆ ಚಮತ್ಕಾರವಲ್ಲ, ತಾಳ್ಮೆಯ ಗಣಿತ. ಆದರೆ ಕಥೆಯ ತಿರುಳು ಅದರಿಂದ ಸುಳ್ಳಾಗುವುದಿಲ್ಲ.

ಈ ವಿಧಾನವನ್ನು ಡಕೋಟದ ಚರಿತ್ರೆಗೇ ಅನ್ವಯಿಸಿ ನೋಡೋಣ. ೨೦೧೮ರಲ್ಲಿ ದುರಸ್ತಿಗೊಂಡ ಹಳೆಯ ಡಕೋಟವೊಂದು 'ಪರಶುರಾಮ' ಎಂಬ ಹೆಸರಿನಿಂದ ಭಾರತೀಯ ವಾಯುಪಡೆಯನ್ನು ಸೇರಿತು. ಅದನ್ನು ಕಂಡವರು ಎಂತಹ ಗಟ್ಟಿ ವಿಮಾನವೆಂದು ಕೊಂಡಾಡುವುದು ಸಹಜ. ಆ ಮಾತು ಸುಳ್ಳೂ ಅಲ್ಲ. ಆದರೆ ಅದು ಮರಳಿ ಬಂದ ವಿಮಾನದ ಸಾಕ್ಷ್ಯ. ಕೋಟಗಿರಿಯ ಬೆಟ್ಟದಲ್ಲಿ ಚೂರಾದದ್ದು ಯಾವ ವಸ್ತುಸಂಗ್ರಹಾಲಯಕ್ಕೂ ಬಂದು ನಿಲ್ಲದು. ಬದುಕಿ ಉಳಿದ ವೈಮಾನಿಕರ ನೆನಪುಗಳಲ್ಲಿ ಮೋಡ ಸೀಳಿ ಪಾರಾದ ಪ್ರಸಂಗಗಳಿರುತ್ತವೆ. ಪಾರಾಗದವನು ನೆನಪುಗಳನ್ನು ಬರೆಯಲಾರ. ಆದ್ದರಿಂದ ಆ ಕಾಲದ ವಿಮಾನಯಾನವನ್ನು ಉಳಿದ ಯಂತ್ರಗಳಿಂದಲೂ ಉಳಿದವರ ಮಾತಿನಿಂದಲೂ ಮಾತ್ರ ಬರೆದರೆ, ಅದು ನಿಜಕ್ಕಿಂತ ಸುರಕ್ಷಿತವಾಗಿ ತೋರುತ್ತದೆ. ಅಪಘಾತಗಳ ಪಟ್ಟಿಯೂ ತನಿಖೆಯ ವರದಿಯೂ ಕೇವಲ ಆಡಳಿತದ ಕಾಗದಗಳಲ್ಲ. ಮಾತಾಡಲಾರದವರ ಪರವಾಗಿ ಉಳಿದ ಸಾಕ್ಷ್ಯಗಳು. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ೧೫೮ ಮಂದಿ ಮಡಿದಾಗ ಎಂಟು ಜನ ಬದುಕಿ ಉಳಿದು ತಾವು ಕಂಡುದನ್ನು ಹೇಳಿದರು. ೧೯೫೦ರ ನೀಲಗಿರಿಯಲ್ಲಿ ಹೇಳುವವರು ಒಬ್ಬರೂ ಇರಲಿಲ್ಲ.

ಹಾನಗಲ್ಲು, ಹಿರೇಕೆರೂರುಗಳ ಸುತ್ತಿನ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ತೊಡಕು ಹೊಸದಲ್ಲ. ಕಾಳಗದಲ್ಲಿ ಬಿದ್ದು ಮನೆಗೆ ಮರಳದವನ ನೆನಪಿಗಾಗಿಯೇ ವೀರಗಲ್ಲು ನಿಲ್ಲುತ್ತದೆ. ಆ ಮಟ್ಟಿಗೆ ನಮ್ಮ ಹಿರಿಯರು ಮರಳದವನ ಲೆಕ್ಕವನ್ನು ಕಲ್ಲಿನಲ್ಲಿಟ್ಟರು. ಆದರೆ ಕಲ್ಲು ನಿಲ್ಲಿಸಲು ಮಗನೋ ತಮ್ಮನೋ ಊರೋ ಉಳಿದಿರಬೇಕು. ಊರೇ ಹಾಳಾದಲ್ಲಿ ಕಲ್ಲೂ ಇಲ್ಲ, ಶಾಸನವೂ ಇಲ್ಲ. ಒಂದು ಗ್ರಾಮದಲ್ಲಿ ಹತ್ತು ವೀರಗಲ್ಲುಗಳು ದೊರೆತು ಪಕ್ಕದ ಗ್ರಾಮದಲ್ಲಿ ಒಂದೂ ದೊರೆಯದಿದ್ದರೆ, ಎರಡನೆಯ ಗ್ರಾಮ ಶಾಂತವಾಗಿತ್ತೆಂದು ಕೂಡಲೆ ನಿರ್ಣಯಿಸುವುದು ಮರಳಿದ ವಿಮಾನಗಳ ಗಾಯಗಳನ್ನಷ್ಟೇ ಎಣಿಸಿದಂತೆ. ಅಲ್ಲಿ ಹೊಡೆತವೇ ಬೀಳಲಿಲ್ಲವೋ, ಬಿದ್ದ ಹೊಡೆತವನ್ನು ಹೇಳಲು ಯಾರೂ ಉಳಿಯಲಿಲ್ಲವೋ ಎಂಬುದನ್ನು ಹಾಳುದಿಬ್ಬ, ಕೆರೆ, ಬದಲಾದ ಊರಹೆಸರು ಮುಂತಾದ ಬೇರೆ ಕುರುಹುಗಳಿಂದ ಮೊದಲು ವಿಚಾರಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಕಲ್ಲಿರುವ ಊರುಗಳ ಪಟ್ಟಿಯೊಡನೆ ಕಲ್ಲಿಲ್ಲದ ಊರುಗಳ ಪಟ್ಟಿಯನ್ನೂ ಸಿದ್ಧಪಡಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.